ಕೂತರೆ ಹತ್ತು

ನಮ್ಮ ಅಂಗಡಿಯಲ್ಲಿ ವರ್ಷಗಳಿಗೆ ಹೆಸರಿಲ್ಲ,
ಶೇಕಡಾ ಇದೆ.
ಮೂರರ ಕಾಲದಲ್ಲಿ ಗಂಡ ಈ ಬೆಂಚು ತಂದ,
ಗುಜರಿಗೆ ಹೊರಟಿದ್ದ ಹಡಗೊಂದರಿಂದ ಕಳಚಿ,
ಹಮಾಲಿಗೆ ಎರಡು ಬಾಟಲಿ ಬಿಯರು ಕೊಟ್ಟು.
ಐದರ ಕಾಲದಲ್ಲಿ ಬಾಣಲೆ ಬದಲಾಯಿತು.
ಎಂಟು ಬರುವ ಹೊತ್ತಿಗೆ ಅವನಿರಲಿಲ್ಲ;
ಬೆಲೆಚೀಟಿಗಳನ್ನೆಲ್ಲ ನಾನೊಬ್ಬಳೇ ಬರೆದೆ,
ನನ್ನ ಏಳುಗಳು ಸೊಟ್ಟ ಎಂದು ಗಿರಾಕಿಗಳು ನಕ್ಕರು.

ಈಗ ಹತ್ತು ಅನ್ನುತ್ತಿದ್ದಾರೆ.
ಹತ್ತು ಎಲ್ಲರಿಗೂ ಹತ್ತೇ ಆಗಿದ್ದರೆ
ಹಲ್ಲು ಕಚ್ಚಿ ಬರೆದುಬಿಡುತ್ತಿದ್ದೆ.
ಇದು ಹಾಗಲ್ಲ:
ಕೊಂಡು ನಡೆದರೆ ಎಂಟು,
ಕೂತು ತಿಂದರೆ ಹತ್ತು.

ಮೊಜಿ ಬಂದರಿನ ಹಿಂದಿನ ಓಣಿಯಲ್ಲಿ
ನಾನು ಮಾರುವುದು ಕೊರೊಕ್ಕೆ:
ಆಲೂಗಡ್ಡೆ ಹಿಸುಕಿ, ಚೂರು ಮಾಂಸ ಬೆರೆಸಿ,
ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದದ್ದು.
ಒಂದಕ್ಕೆ ತೊಂಬತ್ತು ಯೆನ್.
ನಿಂತವನಿಗೆ ತೊಂಬತ್ತೇಳು,
ಕೂತವನಿಗೆ ತೊಂಬತ್ತೊಂಬತ್ತು.
ಕುದಿಯುವ ಎಣ್ಣೆಗೆ ಏನು ಗೊತ್ತು
ಯಾರ ಮೊಣಕಾಲು ಹೇಗಿದೆ ಎಂದು.

ಮಂಗಳವಾರ ಓಣಿಯ ಸಭಾಂಗಣದಲ್ಲಿ
ತೆರಿಗೆ ಕಚೇರಿಯ ಹುಡುಗ, ಇಸ್ತ್ರಿ ಮಾಸದ ಅಂಗಿ,
ಪ್ರಸ್ತಾವ ವಿವರಿಸಲು ಬಂದಿದ್ದ.
ಒರಗಿ ನಿಂತರೆ ಒಂಬತ್ತೋ? ಕ್ಷೌರದ ಕಾಗೆಯಾಮಾ ಕೇಳಿದ.
ತಾಯಿ ನಿಂತು ಮಗು ಬೆಂಚಿನ ಮೇಲಿದ್ದರೆ?
ತನ್ನ ಸೂಟ್‌ಕೇಸಿನ ಮೇಲೆ ತಾನೇ ಕೂತರೆ?
ನಗು ಎದ್ದಿತು. ಹುಡುಗನೂ ನಕ್ಕ, ಪಾಪ,
ಆಮೇಲೆ ಕಾಗದ ನೋಡಿಕೊಂಡ.
ರಾತ್ರಿಪಾಳಿಯಿಂದ ನೇರ ಬಂದಿದ್ದ ಚಿನಾತ್ಸು ಮಾತ್ರ ನಗಲಿಲ್ಲ:
ದಿನಪತ್ರಿಕೆಗೆ ಎಂಟಂತೆ, ಮಗುವಿನ ಡಯಾಪರಿಗೆ ಹತ್ತಂತೆ,
ಹಾಗಾದರೆ ಪತ್ರಿಕೆಯನ್ನೇ ಸುತ್ತಲೇನು?
ಅವನು ಅದನ್ನೂ ಬರೆದುಕೊಂಡ.

ಸುಂಕದವನ ಮುಂದೆ ಸುಖದುಃಖ.
ಹನಿಗೂಡಿದರೆ ಹಳ್ಳ ಎಂದು ಅವನ ಪುಸ್ತಿಕೆಯಲ್ಲಿದೆ,
ಮುದುಕರಿಗೆ, ಆಸ್ಪತ್ರೆಗೆ, ನಾಳೆಗೆ.
ಇರಬಹುದು. ನಾನೂ ಮುದುಕಿಯೇ.
ಹಳ್ಳ ನನ್ನ ಓಣಿಯಲ್ಲಿ ಹರಿದದ್ದನ್ನು ಮಾತ್ರ
ಮೂವತ್ತು ವರ್ಷದಲ್ಲಿ ನಾನು ಕಂಡಿಲ್ಲ.

ಮಾರುವಾಗಲೇ ಕೇಳಿಬಿಡಿ, ಅಂದಿದ್ದ ಹುಡುಗ,
ಕೂರುತ್ತೀರಾ ಎಂದು. ಅಷ್ಟೇ ಸಾಕು.
ನಾಲಿಗೆ ಪಳಗಲಿ ಎಂದು ಬುಧವಾರ
ಮೊದಲ ಗಿರಾಕಿಗೇ ಕೇಳಿದೆ.
ಕೇಳಬಾರದಿತ್ತು.

ಮೊದಲ ಗಿರಾಕಿ ಎಂದರೆ ಶಿರೌಜು.
ಎಳೆದೋಣಿಯ ಇಂಜಿನ್ ಕೋಣೆಯಲ್ಲಿ ನಲವತ್ತು ವರ್ಷ,
ಬಲಗಿವಿ ಕೇಳದು, ಎಡಮೊಣಕಾಲು ಮಡಚದು,
ಹತ್ತೂವರೆಗೆ ಬಂದು ಒಂದು ಕೊರೊಕ್ಕೆ ಕೊಂಡು
ಬೆಂಚಿನ ಈ ತುದಿಯಲ್ಲೇ ಕೂರುತ್ತಾನೆ,
ಜಲಸಂಧಿಯ ಹಡಗಿನ ಸಿಳ್ಳೆ ಎಡಗಿವಿಗೆ ಬೀಳುವಂತೆ.

ಕೂರುತ್ತೀರಾ? ಎಂದೆ.
ಅವನು ನನ್ನನ್ನು ನೋಡಿದ. ಬೆಂಚನ್ನು ನೋಡಿದ.
ಪರ್ಸಿನಲ್ಲಿ ಬೆರಳಾಡಿಸಿದ.
ಇಲ್ಲಮ್ಮ, ನಿಲ್ಲುತ್ತೇನೆ.

ಮಸೂದೆ ಇನ್ನೂ ಪಾಸಾಗಿಲ್ಲ ಶಿರೌಜು,
ಇವತ್ತು ಕೂತರೂ ತೊಂಬತ್ತೇಳೇ, ಎಂದು ಕೂಗಿದೆ,
ಬಲಗಿವಿಯ ಕಡೆಯಿಂದ ಕೂಗಿದೆನೋ ಏನೋ.
ಅವನು ಒಂದು ಕೈ ಗೋಡೆಗೆ ಕೊಟ್ಟು
ಕಾಗದದ ಚೀಲಕ್ಕೆ ಬಾಯಿ ಹಚ್ಚಿ
ಬಿಸಿಬಿಸಿ ತಿಂದ, ಬೇಗ ಬೇಗ,
ಯಾರದೋ ಮನೆಯ ಹೊಸ್ತಿಲಲ್ಲಿ ತಿನ್ನುವವನ ಹಾಗೆ.

ಒಂದು ಯೆನ್ನಿನ ಬಿಲ್ಲೆ ಒಂದೇ ಗ್ರಾಮು.
ಮೆಲ್ಲಗಿಟ್ಟರೆ ನೀರಿನ ಮೇಲೆ ತೇಲುತ್ತದೆ,
ಮಕ್ಕಳಿಗೆ ಬಟ್ಟಲಲ್ಲಿ ಎಷ್ಟು ಸಲ ಮಾಡಿ ತೋರಿಸಿದ್ದೇನೆ.
ಅಂಥವು ಎರಡು
ಆ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸಿದವು.

ಒಲೆ ಸಣ್ಣ ಮಾಡಿ ಹೊರಗೆ ಬಂದೆ.
ಏಪ್ರನ್ನಿನಲ್ಲೇ ಬೆಂಚಿನ ಆ ತುದಿಗೆ ಕೂತೆ.
ನಾನು ಕೊಂಡವಳಲ್ಲ, ಮಾರುವವಳು;
ನನಗೆಷ್ಟು ಎಂದು ಪುಸ್ತಿಕೆಯಲ್ಲಿಲ್ಲ.
ನಡುವಿನ ಹಲಗೆಯ ಮೇಲೆ ಅಂಗೈಯಿಂದ ಎರಡು ಸಲ ಬಡಿದೆ.

ಹಡಗೊಂದು ಸಿಳ್ಳೆ ಹಾಕಿತು.
ಶಿರೌಜು ಗೋಡೆಯಿಂದ ಕೈ ತೆಗೆದ,
ಮತ್ತೆ ಇಟ್ಟ.